ಕಪ್ತಾನನ ಬುಟ್ಟಿ

ಮಣಿಪಾಲದಲ್ಲಿ ನಮ್ಮ ಎದುರು ಬಾಗಿಲಿನ ಹುಡುಗಿ ಒಂದು ಬೆಕ್ಕು ಸಾಕಿದ್ದಾಳೆ. ಅವಳು ಹಲ್ಲಿನ ಡಾಕ್ಟರಾಗಲಿಕ್ಕೆ ಓದುತ್ತಿದ್ದಾಳೆ. ಬೆಕ್ಕು ಎಂತದೂ ಓದುವುದಿಲ್ಲ. ಆದರೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ನನ್ನನ್ನು ಕೇಳಬೇಡಿ. ಕಳೆದ ತಿಂಗಳು ಒಂದು ಬೆಳಿಗ್ಗೆ ಅಲ್ಲಿಂದ ಕುರ್ಚಿ ಬೀಳುವ ಸದ್ದು, "ಟಿಂಕೂ, ಪ್ಲೀಸ್, ಟಿಂಕೂ" ಅನ್ನುವ ಗೋಗರೆತ, ಮತ್ತೆ ಕುರ್ಚಿ ಬೀಳುವ ಸದ್ದು. ಹೋಗಿ ನೋಡಿದರೆ ಹುಡುಗಿಯ ಎರಡೂ ಕೈ ಪರಚಿಹೋಗಿದೆ, ಕಣ್ಣಲ್ಲಿ ನೀರು. ಟಿಂಕು ಸೋಫಾದ ಅಡಿಯಲ್ಲಿ. ನಡುವೆ, ಬೆಕ್ಕನ್ನು ಹಾಕಿಕೊಂಡು ಹೋಗುವ ಜಾಲರಿ ಬಾಗಿಲಿನ ಪ್ಲಾಸ್ಟಿಕ್ ಪೆಟ್ಟಿಗೆ ಬಾಯಿ ತೆರೆದು ಕೂತಿದೆ.

"ಇಂಜೆಕ್ಷನ್ ಕೊಡಿಸ್ಲಿಕ್ಕುಂಟು ಆಂಟಿ. ಈ ಪೆಟ್ಟಿಗೆ ಕಂಡ್ರೆ ಸಾಕು, ಓಡ್ತದೆ. ನಾಳೆ ಬಿಲ್ಡಿಂಗಿಗೆ ಬೆಂಕಿ ಗಿಂಕಿ ಬಿದ್ರೆ ಇದನ್ನು ಹೇಗೆ ಕೆಳಗೆ ಇಳಿಸುವುದು ಹೇಳಿ!"

"ಪೆಟ್ಟಿಗೆ ಎಲ್ಲಿ ಇಡ್ತಿ ನೀನು?"

"ಅಟ್ಟದ ಮೇಲೆ. ಮತ್ತೆ ಎಲ್ಲಿ ಇಡುವುದು?"

ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು. "ಸ್ವಲ್ಪ ನಿಲ್ಲು" ಅಂತ ಹೇಳಿ ನಮ್ಮ ಅಡಿಗೆಮನೆಗೆ ಬಂದು ಒಣಸಿಗಡಿಯ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಎಲ್ಲರಿಗೂ ಆಗುವುದಿಲ್ಲ. ಮೇಲಿನ ಮಾಳಿಗೆಯವರು ಅಸೋಸಿಯೇಷನ್ ಮೀಟಿಂಗಿನಲ್ಲಿ ವಿಷಯ ಎತ್ತಿದ್ದೂ ಉಂಟು. ನನಗೋ, ಆ ಮುಚ್ಚಳ ತೆಗೆದರೆ ಕಾಪು ಬರುತ್ತದೆ, ಕಾಪುವಿನ ಹಿಂದೆ ಕಡಲು ಬರುತ್ತದೆ, ಕಡಲಿನ ಎದುರು ತಟ್ಟೆ ಬಡಿಯುತ್ತಾ ನಿಂತ ನನ್ನ ಮಾಂಯ್ ಬರುತ್ತಾರೆ.

ಮಾಂಯ್ ಅಂದರೆ ನಮ್ಮ ಕೊಂಕಣಿಯಲ್ಲಿ ಅತ್ತೆ, ಗಂಡನ ಅಮ್ಮ. ಅವರು ನನ್ನನ್ನು ಬಾಯೆ ಅನ್ನುತ್ತಿದ್ದರು, ಮಗಳೇ ಅಂದ ಹಾಗೆ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಅಲ್ಲಿ ಮನೆಯ ಹಿಂದೆ ಬಂಡೆ, ಮನೆಯ ಎದುರು ಬಂಡೆ, ಬಟ್ಟೆ ಒಣಗಿಸುವುದು ಬಂಡೆಯ ಮೇಲೆ. ಬಂಡೆಯ ಒಂದು ಒಳ್ಳೆಯ ಗುಣ ಎಂತ ಅಂದರೆ, ರಾತ್ರಿ ಎಲ್ಲಿ ಬಿಟ್ಟು ಮಲಗಿದಿರೋ ಬೆಳಿಗ್ಗೆ ಅಲ್ಲೇ ಇರುತ್ತದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಕಾಪುವಿಗೆ ಮದುವೆ ಮಾಡಿಕೊಟ್ಟರು. ಗಂಡ ರಜೆ ಮುಗಿಸಿ ಮಸ್ಕತ್ತಿಗೆ ಹೋದರು. ಮನೆಯಲ್ಲಿ ಉಳಿದದ್ದು ಮಾಂಯ್, ನಾನು, ಕಪ್ತಾನ ಅನ್ನುವ ಹೆಸರಿನ ಒಂದು ಬೆಕ್ಕು, ಮತ್ತು ಹಿತ್ತಿಲ ಆಚೆ ಒಂದು ನಿಮಿಷ ಬಾಯಿ ಮುಚ್ಚದ ಕಡಲು. ನಾಲ್ವರಲ್ಲಿ ಮೂವರು ಮೊದಲಿನಿಂದಲೂ ಪರಿಚಯದವರು. ಹೊಸಬಳು ನಾನೊಬ್ಬಳೇ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ, ಜಪಸರದ ಪ್ರಾರ್ಥನೆ ಮುಗಿಸಿ ನಾನು ಕೋಣೆಗೆ ಹೋಗಿ ಕೂತಿದ್ದೆ. ಅಡಿಗೆಮನೆಯಲ್ಲಿ ಠಣ್ ಠಣ್ ಅಂತ ಅಲ್ಯೂಮಿನಿಯಂ ತಟ್ಟೆ ಬಡಿದ ಸದ್ದು ಕೇಳಿತು. ಈ ಮನೆಯಲ್ಲಿ ಊಟಕ್ಕೆ ಕರೆಯುವುದು ಹೀಗೆ ಇರಬೇಕು, ತಡ ಮಾಡಿದರೆ ಹೊಸ ಸೊಸೆಗೆ ಸೊಕ್ಕು ಅಂತ ಹೇಳಿಯಾರು ಅಂತ ಸೆರಗು ಸರಿಮಾಡಿಕೊಂಡು ಓಡಿಹೋಗಿ ಮಣೆಯ ಮೇಲೆ ಕೂತೆ. ಮಾಂಯ್ ಚಮಚ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ಇದು ನಿನಗಲ್ಲ ಬಾಯೆ, ಕಪ್ತಾನನಿಗೆ."

ಅಷ್ಟರಲ್ಲಿ ಕಪ್ತಾನ ಬಂದ. ಬಿಳಿ ಮೈ, ಮೂಗಿನ ಕೆಳಗೆ ಕಪ್ಪು ಮೀಸೆ, ನಡಿಗೆಯಲ್ಲಿ ಒಂದು ದೌಲತ್ತು. ಹಡಗಿನಲ್ಲಿ ಅಡಿಗೆಯವರಾಗಿದ್ದ ನನ್ನ ಮಾವ, ಆಗ ತೀರಿಹೋಗಿ ಸ್ವಲ್ಪ ಸಮಯವಾಗಿತ್ತು, ಬದುಕಿರುವಾಗ ಇಟ್ಟ ಹೆಸರಂತೆ ಅದು. ಕಪ್ತಾನ ನನ್ನ ಕಡೆ ತಿರುಗಿಯೂ ನೋಡದೆ ಬಾಗಿಲ ಹಿಂದೆ ಇಟ್ಟಿದ್ದ ಬೆತ್ತದ ಬುಟ್ಟಿಯೊಳಗೆ ನೇರ ಇಳಿದ. ಮಾಂಯ್ ಮೀನಿನ ತಲೆಯನ್ನು ಬುಟ್ಟಿಯೊಳಗೇ ಹಾಕಿದರು. ಮುಚ್ಚಳ ಮುಚ್ಚಿದರು. ಒಳಗಿನಿಂದ ಕರುಂ ಕರುಂ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದರು. ಕಪ್ತಾನ ಎದ್ದು ಬರಲಿಲ್ಲ, ಅಲ್ಲೇ ಮಾಂಯ್‌ರ ಹಳೆಯ ಲಂಗದ ಮೇಲೆ ಸುತ್ತಿಕೊಂಡು ಮಲಗಿದ.

ಇದೆಂಥ ಹುಚ್ಚು ಅಂತ ನನಗೆ ಅನಿಸಿತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅಲ್ಲದೆ ನನಗೆ ಬೆಕ್ಕು ಆಗುವುದೂ ಇಲ್ಲ. ಕಾರ್ಕಳದಲ್ಲಿ ನಮ್ಮದು ನಾಯಿ ಸಾಕಿದ ಮನೆ. ನಾಯಿ ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ; ಬೆಕ್ಕು ಬರುವುದು ನಮ್ಮ ಮೇಲೆ ಉಪಕಾರಕ್ಕೆ.

ಕಾರಣ ಗೊತ್ತಾದದ್ದು ಮಳೆಗಾಲಕ್ಕೆ ಮೊದಲು. ನಮ್ಮ ಕಡೆ "ಕಡಲು ಬರುವುದು" ಅಂತ ಒಂದು ಮಾತುಂಟು. ಮಳೆಗಾಲದಲ್ಲಿ ಕಡಲು ದಂಡೆಯನ್ನು ತಿನ್ನುತ್ತದೆ, ಹೆಚ್ಚಿನ ವರ್ಷ ಸ್ವಲ್ಪ ಸ್ವಲ್ಪ, ಒಂದೊಂದು ವರ್ಷ ಹಸಿದವರ ಹಾಗೆ. ಹಿಂದೆ ಒಮ್ಮೆ ಹಾಗೆ ಬಂದಾಗ ಮಾಂಯ್ ಆಗಿನ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊತ್ತುಕೊಂಡು ಹೊರಟಿದ್ದರಂತೆ. ಅರ್ಧ ದಾರಿಯಲ್ಲಿ ಅದು ಚೀಲ ಹರಿದುಕೊಂಡು ಹಾರಿ ಮನೆಯ ಕಡೆಗೇ ಓಡಿತಂತೆ. ಮತ್ತೆ ಸಿಗಲಿಲ್ಲ.

"ಗೋಣಿ ಅಂದ್ರೆ ಬೆಕ್ಕಿಗೆ ಗೊತ್ತುಂಟು ಬಾಯೆ. ಬೇಡದ ಬೆಕ್ಕನ್ನು ಜನ ಗೋಣಿಯಲ್ಲೇ ಅಲ್ವಾ ಹೊಳೆ ದಾಟಿಸಿ ಬಿಟ್ಟು ಬರುವುದು? ನಾನು ಉಳಿಸ್ಲಿಕ್ಕೆ ಹೊತ್ತದ್ದು, ಅದು ಬಿಡ್ಲಿಕ್ಕೆ ಅಂತ ತಿಳ್ಕೊಂಡಿತು. ತಪ್ಪು ಅದರದ್ದಲ್ಲ." ಹೀಗೆ ಹೇಳಿ ಮಾಂಯ್ ಬುಟ್ಟಿಯ ಮುಚ್ಚಳಕ್ಕೆ ಹೊಸ ಹಗ್ಗ ಪೋಣಿಸಿದರು. "ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ರೆ ಆಗ್ತದಾ? ಕಡಲು ಬರುವ ಮೊದ್ಲೇ ಈ ಬುಟ್ಟಿ ಅವನಿಗೆ ಮನೆ ಆಗ್ಬೇಕು."

ಬುಟ್ಟಿಯೊಂದೇ ಅಲ್ಲ. ಪಕ್ಕದ ಮೊಳೆಯಲ್ಲಿ ಒಂದು ಚೀಲ. ಅದರಲ್ಲಿ ಒಣಸಿಗಡಿಯ ಡಬ್ಬಿ, ಆ ತಟ್ಟೆಯ ಜೋಡಿ ಇನ್ನೊಂದು ತಟ್ಟೆ, ಮತ್ತು ಬಿಸ್ಕೀಟಿನ ಹಳೇ ಡಬ್ಬಿಯ ತುಂಬ ಬಚ್ಚಲ ಒಲೆಯ ಬೂದಿ. ಬೂದಿ ಯಾಕೆ ಅಂತ ಕೇಳಿದೆ. "ಅವನಿಗೆ ಪಾಯಿಖಾನೆ ಬೇಡ್ವಾ? ಪರವೂರಿಗೆ ಹೋಗಿ ಮಾನ ಕಳ್ಕೊಳ್ಳುವುದಾ?" ಅಂದರು. ಮಸ್ಕತ್ತಿನಿಂದ ತಂದ ನನ್ನ ಸೀರೆಗಳ ಬಗ್ಗೆ ಇಷ್ಟು ಆಲೋಚನೆ ಯಾರೂ ಮಾಡಿರಲಿಲ್ಲ. ನನಗೆ ಹೊಟ್ಟೆ ಉರಿಯಿತು ಅಂತ ಹೇಳಿದರೆ ಸುಳ್ಳಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಪಕ್ಕದ ಮನೆಯ ವಾಸಣ್ಣನನ್ನು ಕರೆದು ಬಾಗಿಲ ಹಿಂದಿನ ಬುಟ್ಟಿ ತೋರಿಸಿದರು. ವಾಸಣ್ಣ ಮೊಗವೀರರವನು, ಮೀನಿನ ಟೆಂಪೋ ಓಡಿಸುತ್ತಿದ್ದ.

"ನೋಡು ವಾಸಣ್ಣ, ನಾನು ಮನೆಯಲ್ಲಿ ಇರಲಿ, ಇಲ್ಲದಿರಲಿ. ಕಡಲು ಬಂದ್ರೆ ಮೊದ್ಲು ಈ ಬುಟ್ಟಿ. ಮುಚ್ಚಳ ಹಾಕು, ಹಗ್ಗ ಕಟ್ಟು, ಟೆಂಪೋಕ್ಕೆ ಇಡು."

"ಆಯ್ತು ಬಾಯಮ್ಮ" ಅಂದ ವಾಸಣ್ಣ. ಈ ಮಾತು ಅವನು ಪ್ರತಿ ವರ್ಷ ಕೇಳುತ್ತಿದ್ದ, ಪ್ರತಿ ವರ್ಷ ನನ್ನ ಕಡೆ ತಿರುಗಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಊರೇ ನಗುತ್ತಿತ್ತು. "ಬಾಯಮ್ಮನ ಬೆಕ್ಕು ಪರೇಡಿಗೆ ಹೊರಟಿತು" ಅನ್ನುತ್ತಿದ್ದರು. ಮಾಂಯ್‌ಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಎಂಬತ್ತರ ಮೊದಲ ವರ್ಷಗಳಲ್ಲಿ ಒಂದು ಆಟಿ ತಿಂಗಳು, ಅಂದರೆ ಆಷಾಢದ ಜಡಿಮಳೆಯಲ್ಲಿ, ಕಡಲು ಬಂತು. ಎರಡು ದಿನ ಬಿಡದ ಗಾಳಿಮಳೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಹಿತ್ತಿಲ ಅಂಚಿನ ತೆಂಗಿನಮರ ಇಲ್ಲ. ಬಿದ್ದದ್ದಲ್ಲ, ಇಲ್ಲವೇ ಇಲ್ಲ. ವಾಸಣ್ಣ ಟೆಂಪೋ ತಂದು ನಿಲ್ಲಿಸಿ "ಬೇಗ, ಬೇಗ" ಅಂತ ಕೂಗಿದ. ದೇವರ ಪಟ, ಅಕ್ಕಿ, ಬಟ್ಟೆಯ ಗಂಟು, ಪಾತ್ರೆ, ಕೈಗೆ ಸಿಕ್ಕಿದ್ದೆಲ್ಲ ಒಳಗೆ ಬಿತ್ತು. ಮಾಂಯ್ ಮಾತ್ರ ಹಿತ್ತಿಲು, ಅಟ್ಟ, ಕಟ್ಟಿಗೆಯ ಕೊಟ್ಟಿಗೆ ಅಂತ ಕಪ್ತಾನನನ್ನು ಹುಡುಕುತ್ತಿದ್ದರು. ಅವನಿಲ್ಲ.

"ನೀನು ಮೊದ್ಲ ಗಾಡಿಯಲ್ಲಿ ಹೋಗು. ನಾನು ಅವನನ್ನು ಹಿಡ್ಕೊಂಡು ಮುಂದಿನದ್ದರಲ್ಲಿ ಬರ್ತೇನೆ."

"ಮಾಂಯ್, ಬೆಕ್ಕು ಹೇಗಾದ್ರೂ ಬದುಕ್ತದೆ. ನೀವು ಬನ್ನಿ."

"ಒಂದನ್ನು ಬಿಟ್ಟು ಹೋದದ್ದು ಸಾಕು" ಅಂದರು ಮಾಂಯ್. ಆ ಮುಖ ನೋಡಿ ನಾನು ಟೆಂಪೋ ಹತ್ತಿದೆ.

ದಂಡೆಯವರಿಗೆಲ್ಲ ಹೆದ್ದಾರಿಯ ಹತ್ತಿರದ ಶಾಲೆಯಲ್ಲಿ ಜಾಗ ಮಾಡಿದ್ದರು. ನಮ್ಮ ಸಾಮಾನುಗಳನ್ನು ಕ್ಲಾಸಿನ ಮೂಲೆಯಲ್ಲಿ ರಾಶಿ ಹಾಕಿ ವಾಸಣ್ಣ ತಿರುಗಿ ಹೋದ. ಒಂದು ಟ್ರಿಪ್ಪು ಬಂತು, ಎರಡನೆಯದು ಬಂತು, ಮಾಂಯ್ ಬರಲಿಲ್ಲ. ಬಂದವರು ಹೇಳಿದರು: "ನಿಮ್ಮ ಬಾಯಮ್ಮ ಅಂಗಳದಲ್ಲಿ ನಿಂತು ತಟ್ಟೆ ಬಡೀತಾ ಇದ್ದಾರೆ. ಬುಟ್ಟಿಯನ್ನು ಯಾರೋ ಸಾಮಾನಿನ ಜೊತೆ ಕಳಿಸಿಬಿಟ್ರಂತೆ, ಇನ್ನು ಬೆಕ್ಕು ಬಂದ್ರೂ ಹಾಕುವುದು ಎಲ್ಲಿಗೆ ಅಂತ ಬೈತಾ ಇದ್ದಾರೆ. ಕರೆದ್ರೆ ಕೇಳುವುದಿಲ್ಲ. ಬಾವಿಕಟ್ಟೆ ಹೋಯ್ತು." ನನಗೆ ಅಳು ಬಂತು. ಗಂಡನಿಗೆ ಏನಂತ ಹೇಳುವುದು ಅನ್ನುವ ಅಳು ಅಲ್ಲ ಅದು. ಈ ಮುದುಕಿ ಇಲ್ಲದಿದ್ದರೆ ಸಂಜೆ ಆ ಅಡಿಗೆಮನೆಯಲ್ಲಿ ನಾನು ಯಾರ ಎದುರು ಕೂತುಕೊಳ್ಳುವುದು ಅನ್ನುವ ಅಳು. ಇಷ್ಟು ವರ್ಷದಲ್ಲಿ ಅದು ನನಗೆ ಗೊತ್ತಾದದ್ದು ಅಲ್ಲಿ, ಕಂಡವರ ಗಂಟುಮೂಟೆಗಳ ನಡುವೆ.

ಆಗ ಶಾಲೆಯ ಜಗಲಿಯಲ್ಲಿ ಗಂಜಿಗೆ ಕರೆಯಲಿಕ್ಕೆ ಯಾರೋ ತಟ್ಟೆ ಬಡಿದರು. ಠಣ್ ಠಣ್ ಠಣ್.

ನಮ್ಮ ಸಾಮಾನಿನ ರಾಶಿ "ಮಿಯಾಂವ್" ಅಂತು.

ಬಟ್ಟೆಯ ಗಂಟು ಎತ್ತಿ ಎಸೆದೆ, ಪಾತ್ರೆ ಎಳೆದು ಹಾಕಿದೆ. ಎಲ್ಲದರ ಅಡಿಯಲ್ಲಿ ಬೆತ್ತದ ಬುಟ್ಟಿ, ಮುಚ್ಚಳ ಭದ್ರ, ಹಗ್ಗ ಭದ್ರ. ಸಂದಿಯಿಂದ ಒಂದು ಹಳದಿ ಕಣ್ಣು ನನ್ನನ್ನು ನೋಡಿ, ಮೀನೆಲ್ಲಿ ಅಂತ ಕೇಳಿತು. ಗಾಳಿಮಳೆಗೆ ಹೆದರಿದ ಪುಣ್ಯಾತ್ಮ ಎಲ್ಲರಿಗಿಂತ ಮೊದಲೇ ತನ್ನ ಮನೆ ಹೊಕ್ಕು ಲಂಗದ ಅಡಿಯಲ್ಲಿ ಮಲಗಿದ್ದ. ವಾಸಣ್ಣ, ಮಾಂಯ್ ಹೇಳಿದ್ದ ಹಾಗೆಯೇ, ಮುಚ್ಚಳ ಹಾಕಿ, ಹಗ್ಗ ಕಟ್ಟಿ, ಮೊದಲು ಅದನ್ನೇ ಟೆಂಪೋಕ್ಕೆ ಇಟ್ಟಿದ್ದ. ಮೀನಿನ ಬುಟ್ಟಿ ಹೊರುವವನಿಗೆ ಒಂದು ಬೆಕ್ಕು ಭಾರವೇ? ಮೀನಿನ ಟೆಂಪೋದ ಪರಿಮಳದಲ್ಲಿ ಕಪ್ತಾನನಾದರೂ ಯಾಕೆ ಬಾಯಿ ಬಿಡುತ್ತಾನೆ? ಮಾಂಯ್ ಇಷ್ಟು ವರ್ಷ ಕಲಿಸಿದ್ದೆಲ್ಲ ಅಕ್ಷರಶಃ ನಡೆದುಹೋಗಿತ್ತು. ಮಾಂಯ್‌ಗೇ ಅದು ಗೊತ್ತಿರಲಿಲ್ಲ.

ಹಡಗು ಮುಳುಗುವಾಗ ಕಪ್ತಾನ ಕಡೆಗೆ ಇಳಿಯಬೇಕು ಅಂತ ಮಾವ ಹೇಳುತ್ತಿದ್ದರಂತೆ. ನಮ್ಮ ಕಪ್ತಾನ ಮೊದಲ ಟ್ರಿಪ್ಪಿನಲ್ಲೇ ಇಳಿದಿದ್ದ.

ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಓಡಿದೆ. ಬೆಕ್ಕು ಮುಟ್ಟದವಳು, ಕಡಲು ಕಂಡರೆ ಆಗದವಳು, ಎಲ್ಲರೂ ಮೇಲೆ ಬರುವಾಗ ನಾನೊಬ್ಬಳು ಕೆಳಗೆ. ದಾರಿಯಲ್ಲಿ ಸಿಕ್ಕಿದ ವಾಸಣ್ಣ "ಸಣ್ಣ ಬಾಯಮ್ಮ, ನಿಮಗೂ ಮರುಳಾ!" ಅಂತ ಕಿರುಚಿದವನು ಟೆಂಪೋ ಬಿಟ್ಟು ಹಿಂದೆಯೇ ಓಡಿಬಂದ.

ಅಂಗಳದಲ್ಲಿ ನೊರೆ ನೀರು ಮೊಣಕಾಲಿಗೆ ಬರುತ್ತಿತ್ತು. ಮಾಂಯ್ ಸೀರೆ ಎತ್ತಿ ಕಟ್ಟಿ ತಟ್ಟೆ ಬಡಿಯುತ್ತಿದ್ದರು. ಜಗಲಿಯ ಗೋಡೆಯ ಮೇಲೆ ಸಾಲಾಗಿ ಮೂರು ಬೆಕ್ಕು! ಯಾರ್ಯಾರ ಮನೆಯವೋ. ಸಂಜೆ ಸಂಜೆ ಕದ್ದು ನೋಡಿ ತಟ್ಟೆಯ ಪಾಠ ಅವೂ ಕಲಿತಿದ್ದವು.

"ಮಾಂಯ್! ಇಲ್ಲುಂಟು! ಇವ ಬುಟ್ಟಿಯಲ್ಲೇ ಇದ್ದ!"

ಮಾಂಯ್ ತಟ್ಟೆ ಕೆಳಗಿಳಿಸಿದರು. ಬುಟ್ಟಿಯ ಸಂದಿಯಲ್ಲಿ ಬೆರಳು ಹಾಕಿದರು. ಒಳಗಿನಿಂದ ಅವನು ನೆಕ್ಕಿರಬೇಕು, ಬೆರಳನ್ನು ಅಲ್ಲೇ ಬಿಟ್ಟರು. ಮತ್ತೆ ತಿರುಗಿ ಬೈದದ್ದು ವಾಸಣ್ಣನಿಗೆ: "ಹೇಳ್ಬಾರದಾ ಮಾರಾಯ, ಬೆಕ್ಕು ಒಳಗುಂಟು ಅಂತ!"

"ಮೊದ್ಲು ಬುಟ್ಟಿ ಅಂತ ಹೇಳಿದ್ದು ನೀವೇ ಅಲ್ವಾ ಬಾಯಮ್ಮ? ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ನೀವು ಹೇಳ್ಲಿಲ್ಲ."

ಹೊರಟೆವು. ನಾಲ್ಕು ಹೆಜ್ಜೆ ಇಟ್ಟು ಮಾಂಯ್ ನಿಂತರು, ಗೋಡೆಯ ಮೇಲಿನ ಮೂವರನ್ನು ನೋಡಿದರು, ಮತ್ತೆ ತಟ್ಟೆ ಬಡಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮುಂದೆ ತಟ್ಟೆ ಬಡಿಯುವ ಮಾಂಯ್, ನಡುವೆ ಬುಟ್ಟಿ ಹೊತ್ತ ನಾನು, ಅರ್ಧ ಮುರಿದ ಕೊಡೆ ಹಿಡಿದ ವಾಸಣ್ಣ, ಹಿಂದೆ ಬೇಲಿಯಿಂದ ಬೇಲಿಗೆ, ಜಗಲಿಯಿಂದ ಜಗಲಿಗೆ ಹಾರುತ್ತಾ ಮೂರು ಒದ್ದೆ ಬೆಕ್ಕುಗಳು. ಒಂದು ನಡುವೆ ಟೈಲರನ ಮನೆಯಲ್ಲಿ ಉಳಿಯಿತು. ಎರಡು ಶಾಲೆಯವರೆಗೆ ಬಂದವು. ನಾವು ಹೆದ್ದಾರಿ ಮುಟ್ಟುವ ಮೊದಲೇ ನಮ್ಮ ಅಡಿಗೆಮನೆಯ ಗೋಡೆ ಬಿತ್ತು ಅಂತ ಆಮೇಲೆ ತಿಳಿಯಿತು.

ಶಾಲೆಯಲ್ಲಿ ಕಪ್ಪುಹಲಗೆಯ ಕೆಳಗೆ ಬುಟ್ಟಿ ಇಟ್ಟು ಮಾಂಯ್ ಮುಚ್ಚಳ ತೆಗೆದರು. ಬುಟ್ಟಿಯ ಜೊತೆಗೇ ಬಂದಿದ್ದ ಚೀಲದಿಂದ ಬೂದಿಯ ಡಬ್ಬಿ ಒಂದು ಮೂಲೆಗೆ. ಒಂದು ಹಿಡಿ ಒಣಸಿಗಡಿ. ಕಪ್ತಾನ ತಿಂದ, ಮೈ ಮುರಿದ, ಬೂದಿಯ ಕಡೆ ಹೋಗಿ ಬಂದ, ಸುತ್ತಲಿನ ಇಷ್ಟೊಂದು ಜನರನ್ನು ನೋಡಿ ಆಕಳಿಸಿ ಮತ್ತೆ ಬುಟ್ಟಿಗೆ ಇಳಿದ. ನಗುತ್ತಿದ್ದ ಊರು ಈಗ ಕತ್ತು ಚಾಚಿ ನೋಡುತ್ತಿತ್ತು.

"ನೋಡು ಬಾಯೆ, ಅವನಿಗೆ ಮನೆ ಹೋಗ್ಲೇ ಇಲ್ಲ" ಅಂದರು ಮಾಂಯ್. ಕಪ್ತಾನನ ಬೆನ್ನು ಸವರುತ್ತಾ, "ನನ್ನ ಲೆಕ್ಕದಲ್ಲಿ ನಾನೇ ಇರ್ಲಿಲ್ಲ. ನನಗೆ ಎಂತ ಬುಟ್ಟಿ ಉಂಟು?" ಅಂತ ಕೇಳಿದರು. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

"ಕಾರ್ಕಳಕ್ಕೆ ಹೋಗುವ ಮಾಂಯ್. ಅಲ್ಲಿ ಬಂಡೆ ಎಲ್ಲಿಗೂ ಹೋಗುವುದಿಲ್ಲ" ಅಂದೆ. ನನ್ನ ಸೀರೆಯ ತುದಿಯಿಂದಲೇ ಅವರ ಕಾಲು ಒರೆಸಿದೆ. ಆ ಮಳೆಗಾಲ ಮುಗಿಯುವವರೆಗೆ ನಮ್ಮ ಅಮ್ಮನ ಮನೆಯ ಮೆಟ್ಟಿಲ ಮೇಲೆ ಸಂಜೆ ತಟ್ಟೆಯ ಸದ್ದು. ನಮ್ಮ ನಾಯಿಯೂ ಬಂದು ಸಾಲಿನಲ್ಲಿ ಕೂರಲು ಕಲಿಯಿತು. ಮಳೆ ಬಿಟ್ಟ ಮೇಲೆ ಕಾಪುವಿನಲ್ಲೇ, ದಂಡೆಯಿಂದ ಸಾಕಷ್ಟು ಒಳಗೆ, ಒಂದು ಮನೆ ಮಾಡಿದೆವು. ಬಾಗಿಲ ಹಿಂದೆ ಬುಟ್ಟಿಗೆ ಜಾಗ ಬಿಟ್ಟೇ ಮೇಸ್ತ್ರಿ ಗೋಡೆ ಕಟ್ಟಿದ.

ಇಷ್ಟೆಲ್ಲ ಕತೆಯನ್ನು ಎದುರು ಮನೆಯ ಹುಡುಗಿಗೆ ಹೇಳಿದೆನೋ ಅಂದರೆ, ಇಲ್ಲ. ಈಗಿನ ಮಕ್ಕಳಿಗೆ ಎಲ್ಲಿ ಪುರುಸೊತ್ತು. ಒಂದು ಹಿಡಿ ಒಣಸಿಗಡಿ ಅವಳ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಡ, ಬಾಗಿಲು ತೆಗೆದು ಹಾಲಿನಲ್ಲೇ ಇಡು, ಹಳೆಯದೊಂದು ಬಟ್ಟೆ ಹಾಸು, ಊಟ ಅದರೊಳಗೇ ಕೊಡು, ಕೊಡುವ ಮೊದಲು ತಟ್ಟೆ ಬಡಿ ಅಂತ ಹೇಳಿದೆ. ಪಕ್ಕದ ಫ್ಲ್ಯಾಟಿನವರಿಗೂ ತಿಳಿಸಿ ಇಡು, ಆದರೆ ಹುಡುಕುವ ಮೊದಲು ಪೆಟ್ಟಿಗೆಯೊಳಗೆ ಒಮ್ಮೆ ನೋಡು ಅಂತ ಸೇರಿಸಿದೆ. ಅವಳು ಅರ್ಧ ನಂಬಿ ತಲೆ ಆಡಿಸಿದಳು.

ಕೆಲವು ವಾರ ಕಳೆಯಿತು. ನಿನ್ನೆ ಸಂಜೆ ಜಪಸರ ಮುಗಿಸಿ ಒಬ್ಬಳೇ ಕೂತಿದ್ದೆ. ಹೊರಗೆ ಮಳೆ ಹಿಡಿದಿತ್ತು. ಎದುರು ಮನೆಯಲ್ಲಿ ಠಣ್ ಠಣ್ ಅಂತು. ಮೊಣಕಾಲು ನೋವಿನ ಹೆಂಗಸು ನಾನು, ಯಾವಾಗ ಎದ್ದೆನೋ, ಯಾವಾಗ ಸೆರಗು ಸರಿಮಾಡಿಕೊಂಡೆನೋ, ನೋಡುವಾಗ ಅವಳ ಬಾಗಿಲಲ್ಲಿ ನಿಂತಿದ್ದೇನೆ. ಟಿಂಕು ಪೆಟ್ಟಿಗೆಯೊಳಗೆ ಕೂತು ತಿನ್ನುತ್ತಿತ್ತು. ಚಮಚ ಹಿಡಿದ ಹುಡುಗಿ ನನ್ನನ್ನು ನೋಡಿ ನಕ್ಕುಬಿಟ್ಟಳು.

"ಆಂಟಿ, ಇದು ನಿಮಗಲ್ಲ, ಟಿಂಕುವಿಗೆ!"

"ಗೊತ್ತುಂಟು ಬಾಯೆ" ಅಂದೆ. "ಆದ್ರೂ ಇನ್ನೊಮ್ಮೆ ಬಡಿ."