ಎರಡು ಚುಕ್ಕಿಗಳ ಮೇಲೆ ನಿಂತ ವಿಮಾನ

ಮೊನ್ನೆ ಅಮ್ಮ, ತಲೆಗೆ ಹಚ್ಚಲು ಒಂದಿಷ್ಟು ಹರಳೆಣ್ಣೆ ಬೆಚ್ಚಗೆ ಮಾಡು ಎಂದಳು. ಒಂದು ಸೌಟು ಎಣ್ಣೆ ಬಿಸಿ ಮಾಡುವುದರಲ್ಲೂ ಮನುಷ್ಯ ಸೋಲಬಹುದು ಎಂದು ಲೋಕಕ್ಕೆ ತೋರಿಸಲಿಕ್ಕೇ ನಾನು ಹುಟ್ಟಿರಬೇಕು. ಸೌಟನ್ನು ಒಲೆಯ ಮೇಲಿಟ್ಟು ಫೋನು ನೋಡುತ್ತಾ ನಿಂತೆ. ಅಡುಗೆಮನೆ ತುಂಬ ಹೊಗೆ. ಅಮ್ಮ ಕೆಮ್ಮುತ್ತಾ ಬಂದು, "ಮನೆ ಸುಟ್ಬುಡ್ತಿಯೇನ್ಲಾ" ಎಂದು ಬೆನ್ನಿಗೆ ಗುದ್ದಿದಳು. ನಾನು ನಿಂತಲ್ಲಿಂದ ಕದಲಲಿಲ್ಲ. ಸುಟ್ಟ ಹರಳೆಣ್ಣೆಯ ಆ ಕಮಟು ವಾಸನೆಯೊಳಗೆ ಆಚಾರ್ರು ನಿಂತಿದ್ದರು...

ಆಚಾರ್ರು ಬಾಬುರಾಯನಕೊಪ್ಪಲಿನಲ್ಲಿ ಬಾಗಿಲು ಕಿಟಕಿ ಮಾಡುತ್ತಿದ್ದ ಬಡಗಿ. ಮೈಸೂರಿನಲ್ಲಿ ರಿಮೋಟು ವಿಮಾನ ಹಾರಿಸುವವರು ಮುರಿದ ರೆಕ್ಕೆಗಳನ್ನು ಅವರ ಹತ್ತಿರ ರಿಪೇರಿಗೆ ತರುತ್ತಿದ್ದರು. ಆ ವಿಮಾನಗಳ ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಾರೆ. ಹಾಗಾಗಿ ಅವರ ಶೆಡ್ಡಿನಲ್ಲಿ ಮರದ ಹೊಟ್ಟಿನ ಜೊತೆ ಈ ವಾಸನೆಯೂ ಸದಾ ಇರುತ್ತಿತ್ತು. ಬೇರೆಯವರ ರೆಕ್ಕೆ ಅಂಟಿಸಿ ಅಂಟಿಸಿ ಕೊನೆಗೆ ತಾವೇ ಒಂದು ವಿಮಾನ ಮಾಡಿದರು. ಬೆಂಡಿನಷ್ಟು ಹಗುರ ಮರದ್ದು, ಆಕಾಶದಲ್ಲಿ ಲಾಗ ಹಾಕುವ ಜಾತಿಯದು. ಹಾರಿಸಲು ಬರುವವನು, ಅಂದರೆ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು, ನಾನು. ರಿಮೋಟು ನನ್ನದು. ಎಂಜಿನ್ನು ತರುವ ಕೆಲಸವೂ ನನ್ನದೇ.

ಅವರಿಗೆ ಆತುರವಿತ್ತು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ, ಉಳಿದ ನೋಟವೂ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವರು ನನಗೆ ಹೇಳಿದ್ದು ರೆಕ್ಕೆಗೆ ಉಪ್ಪುಕಾಗದ ತಿಕ್ಕುತ್ತಾ, ಯಾರದೋ ಮನೆಯ ಸುದ್ದಿಯಂತೆ.

"ಇದೊಂದು ಲಾಗ ಹಾಕೋದ ನೋಡ್ಬುಡ್ತೀನಿ ಕಣ್ಲಾ. ಆಮ್ಯಾಕೆ ಕತ್ಲಾದ್ರೆ ಆಗ್ಲಿ."

ನಾನು ಏನೋ ತಮಾಷೆ ಮಾಡಿದೆ. ಏನು ಎಂದು ಈಗ ನೆನಪಿಲ್ಲ...

ಯಾವ ಮರದ ತುಂಡನ್ನು ಎತ್ತಿದರೂ ಅವರು ಮೊದಲು ಅದನ್ನು ಎರಡು ಬೆರಳ ಮೇಲೆ ನಿಲ್ಲಿಸಿ ತೂಗಿ ನೋಡುತ್ತಿದ್ದರು. ವಿಮಾನದ ರೆಕ್ಕೆಯಡಿಯಲ್ಲೂ, ಆಚೆಗೊಂದು ಈಚೆಗೊಂದು, ಬೆರಳಿಗೆ ಸಿಗುವಷ್ಟು ಕುಳಿ ಬೀಳುವಂತೆ ಪೆನ್ಸಿಲು ಒತ್ತಿ ಎರಡು ಚುಕ್ಕಿ ಇಟ್ಟಿದ್ದರು.

"ಈ ಚುಕ್ಕಿ ಮ್ಯಾಲೆ ಎತ್ತಿದ್ರೆ ಮೂತಿನೂ ಬಗ್ಬಾರ್ದು, ಬಾಲನೂ ಬಗ್ಬಾರ್ದು. ಅಂಗೆ ನಿಲ್ಸೋ ಎಂಜಿನ್ನು ತತ್ತಾ. ನಲವತ್ತಾರರದು ಸಾಕು."

ಈ ಎಂಜಿನ್ನುಗಳಿಗೆ ಎಚ್‌ಪಿ ಹೇಳುವುದಿಲ್ಲ, ನಂಬರು ಹೇಳುತ್ತಾರೆ. ನಂಬರು ಏರಿದಂತೆ ಶಕ್ತಿಯೂ ಏರುತ್ತದೆ, ತೂಕವೂ ಏರುತ್ತದೆ. ನಮ್ಮದು ಶೀಳನೆರೆ ಕಡೆಯ ಟ್ರಾಕ್ಟರಿನ ಮನೆ. ನಮ್ಮಲ್ಲಿ ಟ್ರಾಕ್ಟರಿಗೆ ಹತ್ತು ಎಚ್‌ಪಿ ಜಾಸ್ತಿ ಇದ್ದರೆ ಮದುವೆ ಸಂಬಂಧ ಕೂಡ ಬೇಗ ಕುದುರುತ್ತದೆ. ನಾನು ಅರವತ್ತೊಂದರದು ತರಿಸಿದೆ.

"ನಾ ಹೇಳಿದ್ದೇನು, ನೀ ತಂದಿರೋದೇನ್ಲಾ" ಎಂದರು.

"ಇದ್ರಲ್ಲಿ ಲಾಗ ಏನು, ಚಂದ್ರನ ಗಂಟ ಓಯ್ತದೆ, ಆಚಾರ್ರೇ."

"ಚಂದ್ರನ ತಾವ ನಂಗೇನ್ಲಾ ಕ್ಯಾಮೆ. ಮೂತಿ ಭಾರ ಆಯ್ತದೆ."

"ಬಾಲಕ್ಕೂ ಭಾರ ಹಾಕ್ಬುಟ್ರೆ ಸರಿ ಓಯ್ತದೆ ಬುಡಿ. ವಾಪಸ್ ಕಳ್ಸಿ ಬೇರೆದು ತರ್ಸಕ್ಕೆ ಇನ್ನೊಂದು ತಿಂಗ್ಳಾಯ್ತದೆ."

ಒಂದು ತಿಂಗಳು. ಅಷ್ಟು ದಿನ ಅವರ ಕಣ್ಣಿಗೆ ಇತ್ತೋ ಇಲ್ಲವೋ. ಎಲೆಯಡಿಕೆ ಉಗಿದು ಬಂದು ಎಂಜಿನ್ನು ಕೂರಿಸಲು ಮೂತಿಯ ತೂತು ದೊಡ್ಡದು ಮಾಡತೊಡಗಿದರು.

ನಾನು ಶ್ರೀರಂಗಪಟ್ಟಣದಲ್ಲಿ ಹೊಳೆ ಮೀನು ಹಿಡಿಯುವವರ ಹತ್ತಿರ ಬಲೆಗೆ ಕಟ್ಟುವ ಸೀಸದ ಗುಂಡು ತಂದು ಬಾಲದೊಳಗೆ ತುಂಬಿದೆ. ವಿಮಾನ ಚುಕ್ಕಿಗಳ ಮೇಲೆ ನಿಂತಿದ್ದೇನೋ ನಿಜ. ಎತ್ತಿದವನ ಬೆರಳುಗಳು ಮಾತ್ರ ಭಾರಕ್ಕೆ ಸೋಲುತ್ತಿದ್ದವು.

ಬಿಂಡಿಗನವಿಲೆಯ ಹತ್ತಿರ ರಾಗಿ ಕುಯ್ದ ಹೊಲಕ್ಕೆ ಹೋದೆವು. ವಿಮಾನ ಎದ್ದ ರಭಸಕ್ಕೆ ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಅದು ಎಡಕ್ಕೆ ಹೋದಾಗ ನನ್ನ ಬುದ್ಧಿ ಬಲಕ್ಕಿತ್ತು. ಹೆದರಿ ಎಂಜಿನ್ನಿನ ವೇಗ ಇಳಿಸಿದೆ. ಅಷ್ಟು ತೂಕ ನಿಧಾನಕ್ಕೆ ಹಾರುತ್ತದೆಯೇ? ಒಂದು ರೆಕ್ಕೆ ಕುಸಿದು, ಕಲ್ಲು ಬಿದ್ದಂತೆ ಬಿತ್ತು. ಓಡಿಹೋಗುವಾಗ ಕುರಿಯೊಂದಕ್ಕೆ ಎಡವಿ ಆ ದಿನದ ಒಂದೇ ಲಾಗವನ್ನು ನಾನೇ ಹಾಕಿದೆ.

ಆಚಾರ್ರು ಚೂರುಗಳನ್ನು ಒಂದೊಂದಾಗಿ ಆಯ್ದು ಪಂಚೆಯ ಮಡಿಲಿಗೆ ಹಾಕಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮತ್ತೆ ಜೋಡಿಸಲು ಬೇಸಿಗೆ ಪೂರ್ತಿ ಹಿಡಿಯಿತು. ಮೊದಮೊದಲು ಅವರ ಮೂಗು ಮರಕ್ಕೆ ತಾಗುವಷ್ಟು ಹತ್ತಿರವಿರುತ್ತಿತ್ತು. ಆಮೇಲಾಮೇಲೆ ಮುಖ ಎತ್ತಿಕೊಂಡೇ ಕೂತಿರುತ್ತಿದ್ದರು, ಬೆರಳುಗಳು ಮಾತ್ರ ಕೆಲಸ ಮಾಡುತ್ತಿದ್ದವು. ನಾನು ಎದುರಿಗೆ ಕೂತು ಬಾಯಿಗೆ ಬಂದ ಜೋಕು ಹೇಳುತ್ತಿದ್ದೆ. ನನ್ನ ಕೈಯಲ್ಲಿ ಆಗುತ್ತಿದ್ದದ್ದು ಅಷ್ಟೇ. ನಲವತ್ತಾರರ ಎಂಜಿನ್ನು ತಂದುಕೊಟ್ಟ ದಿನ ಅದನ್ನು ಕೂರಿಸಿ, ಚುಕ್ಕಿಗಳನ್ನು ತಡಕಿ, ವಿಮಾನ ಎತ್ತಿದರು. ಒಂದು ಗುಂಡು ಸೀಸವೂ ಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಬೆಳಕು ಯಾವ ಕಡೆಗಿದೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಮಳೆಗೆ ಮುಂಚೆ ಅದೇ ಹೊಲಕ್ಕೆ ಕೈ ಹಿಡಿದು ಕರೆದುಕೊಂಡು ಹೋದೆ. ವಿಮಾನ ಹದ್ದಿನ ಹಾಗೆ ತೇಲಿತು. ಆದರೆ ಲಾಗ ಹಾಕಿಸಲು ನನಗೆ ಧೈರ್ಯ ಬರಲಿಲ್ಲ. ಮತ್ತೆ ಬಿದ್ದರೆ ಜೋಡಿಸುವವರು ಯಾರು? ನೇರವಾಗಿ ಹಾರಿಸುತ್ತಲೇ, "ಹಾಕ್ತು, ಆಚಾರ್ರೇ" ಎಂದೆ.

"ಸುಳ್ಳಾಡ್ಬ್ಯಾಡ ಕಣ್ಲಾ. ಮ್ಯಾಲಕ್ಕತ್ತೋವಾಗ ಎಂಜಿನ್ನು ಏದುಸ್ರು ಬುಡ್ತದೆ. ಇದು ಒಂದೇ ಸಮ್ಕೆ ಓಯ್ತಾ ಅದೆ. ಹಾಕ್ಸು, ಬಿದ್ರೆ ಬೀಳ್ಲಿ."

ಹಾಕಿಸಿದೆ. ಎಂಜಿನ್ನು ಏದುಸಿರು ಬಿಟ್ಟಿತು. ವಿಮಾನ ಮೇಲೆ ಒಂದು ಗಳಿಗೆ ತಲೆಕೆಳಗಾಗಿ, ಹಗುರಾಗಿ ಕೆಳಗಿಳಿದು ಮತ್ತೆ ನೇರವಾಯಿತು.

"ಈಗ ಹಾಕ್ತು" ಎಂದರು. "ದುಂಡಗೆ ಬಂತಾ?"

"ಬಳೆ ಇದ್ದಂಗೆ" ಎಂದೆ. ಎಮ್ಮೆ ತುಳಿದ ಬಳೆಯಂತಿತ್ತು. ಆ ಸುಳ್ಳು ಅವರಿಗೆ ಸಿಕ್ಕಿಬೀಳಲಿಲ್ಲ.

ವಿಮಾನ ಪಡುವಲಿಗಿತ್ತು. ಅವರು ಬೆಳಕಿದ್ದ ಮೂಡಲ ದಿಕ್ಕಿಗೆ ಮುಖವೆತ್ತಿ, ಬಾಯಿ ಅರ್ಧ ತೆರೆದು, ಖಾಲಿ ಆಕಾಶ ನೋಡುತ್ತಾ ನಗುತ್ತಿದ್ದರು. ಅಷ್ಟು ಎತ್ತರದ ವಿಮಾನವನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದ ನನಗೆ, ಪಕ್ಕದಲ್ಲೇ ನಿಂತಿದ್ದ ಆ ಮುಖವನ್ನು ತಿರುಗಿಸಲಾಗಲಿಲ್ಲ. ತಿರುಗಿಸಿದ್ದರೂ...

ಅವರು ಹೋಗಿ ಎರಡು ವರ್ಷವಾಯಿತು. ಅರವತ್ತೊಂದರ ಎಂಜಿನ್ನನ್ನು ಕೊಟ್ಟಿಗೆಯ ಬಾಗಿಲು ಬಡಿದುಕೊಳ್ಳದಂತೆ ಒತ್ತಿಗೆ ಇಟ್ಟಿದ್ದೇನೆ. ದಿನಾ ಹಾಲು ಕರೆಯಲು ಹೋಗುವಾಗ ಕಾಲಿಗೆ ತಗಲುತ್ತದೆ. ತಗಲಲಿ.

ಮೊನ್ನೆ ಹೊಗೆ ಆರಿದ ಮೇಲೆ ಅಟ್ಟದಿಂದ ವಿಮಾನ ಇಳಿಸಿದೆ. ಧೂಳು ಒರೆಸಿದರೆ ಪೆನ್ಸಿಲಿನ ಎರಡು ಚುಕ್ಕಿ ಹಾಗೇ ಇದ್ದವು. ಬೆರಳಿಟ್ಟು ಎತ್ತಿದೆ. ಮೂತಿಯೂ ಬಗ್ಗಲಿಲ್ಲ, ಬಾಲವೂ ಬಗ್ಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಎಣ್ಣೆ ಎಲ್ಲೋ" ಎಂದು ಕೇಳುತ್ತಿದ್ದಳು. ನಾನು ಕೈ ಅಲುಗದಂತೆ ಹಿಡಿದುಕೊಂಡೇ ಇದ್ದೆ. ನೋಡಿ ಆಚಾರ್ರೇ, ಎನ್ನೋಣವೆಂದರೆ...