ಬಾಮೈದನ ಕಾರು, ಎದುರಂಗಡಿ ಅಣ್ಣ

ಸುಟ್ಟ ರಿಲೇಯ ಮುಚ್ಚಳ ಬಿಚ್ಚಿದರೆ ಒಂದು ವಾಸನೆ ಬರುತ್ತದೆ. ಕರಗಿದ ಪ್ಲಾಸ್ಟಿಕ್ಕಿನದೂ ಅಲ್ಲ, ವಾರ್ನಿಷಿನದೂ ಅಲ್ಲ, ಎರಡೂ ಸೇರಿ ಸ್ವಲ್ಪ ಸಿಹಿಯಾಗಿ ಗಂಟಲಿಗೆ ಹತ್ತುವಂಥದ್ದು. ಹೋದ ವಾರ ಗೌರಿಬಿದನೂರು ಕಡೆಯ ಕಾರೊಂದು ಅಂಗಡಿಗೆ ಬಂದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿ ರಸ್ತೆಯ ಆಚೆ ನೋಡಿದೆ. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ.

ಮೊದಲು ಅಲ್ಲಿ ಎದುರಂಗಡಿ ಅಣ್ಣ ಇದ್ದರು. ನನ್ನದೇ ಕಸುಬು, ಕಾರು ಟ್ರಾಕ್ಟರುಗಳ ವೈರಿಂಗ್. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರ ಯಾರದೋ ಅಂಗಡಿಯಲ್ಲಿ ಕಸ ಗುಡಿಸಿ, ಬೈಸಿಕೊಂಡು ಕೆಲಸ ಕಲಿತು, ಚಿಂತಾಮಣಿಯಲ್ಲಿ ಸ್ವಂತ ಷಟರ್ ಎತ್ತಿದವನು. ಕೈಕೆಲಸದಲ್ಲಿ ಅವರಿಗಿಂತ ನಾನೇ ಮೇಲು. ಇದನ್ನು ಇವತ್ತೂ ಹೇಳುತ್ತೇನೆ. ಆದರೂ ಗಾಡಿಗಳು ಹೋಗಿ ನಿಲ್ಲುತ್ತಿದ್ದದ್ದು ಅವರ ಮುಂದೆ...

ಅದಕ್ಕೆ ಕಾರಣ ಅವರು ಕೆಲಸ ಮಾಡುತ್ತಿದ್ದ ರೀತಿ. ಸೆಲ್ಫ್ ಹೊಡೆಯದ ಗಾಡಿ ಬಂದರೆ ಗಿರಾಕಿಯ ಕೈಯನ್ನೇ ಹಿಡಿದು, ಸೆಲ್ಫಿಗೆ ಕರೆಂಟು ಬಿಡುವ ರಿಲೇಯ ಮೇಲೆ ಇಡಿಸುತ್ತಿದ್ದರು. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ, "ಟಕ್ ಅಂತಾ? ಬೆರಳಿಗೆ ಗೊತ್ತಾಯ್ತಾ?" ಎಂದು ಕೇಳುತ್ತಿದ್ದರು. ಗೊತ್ತಾಯಿತು ಎಂದರೆ, "ಹಂಗಾದ್ರೆ ರಿಲೇ ತನಕ ಸರಿ ಇದೆ, ಮುಂದಕ್ಕೆ ಹೋಗಣ" ಎನ್ನುತ್ತಿದ್ದರು. ಗಿರಾಕಿಗೆ ತಾನೇ ರಿಪೇರಿ ಮಾಡಿದಷ್ಟು ಖುಷಿ. ನನಗೆ ಅದು ಆಗುತ್ತಿರಲಿಲ್ಲ. ಬಾನೆಟ್ ಎತ್ತಿದ ಮೇಲೆ ಯಾರೂ ಹತ್ತಿರ ಬರಬಾರದು, ಮಾತಾಡಿಸಬಾರದು. ನನ್ನ ಕೆಲಸ ಬೇಗ ಮುಗಿಯುತ್ತಿತ್ತು. ಅವರ ಅಂಗಡಿಯಲ್ಲಿ ನಗು ಕೇಳಿಸುತ್ತಿತ್ತು. ಆ ನಗು ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಊರಿನ ಗಿರಾಕಿಗಳು ಹೋದರೆ ಹೋಗಲಿ ಎಂದುಕೊಳ್ಳಬಹುದಿತ್ತು. ಆದರೆ ಜಂಗಮಕೋಟೆಯಲ್ಲಿರುವ ನನ್ನ ಬಾಮೈದ, ಹೆಂಡತಿಯ ಸ್ವಂತ ತಮ್ಮ, ಅವನೂ ಕಾರು ಕೆಟ್ಟರೆ ಅವರಿಗೇ ಫೋನು ಮಾಡುತ್ತಿದ್ದ. ಅದು ನನಗೆ ತಿಳಿದದ್ದು ಒಂದು ಬೆಳಿಗ್ಗೆ. ಅಣ್ಣ ಬೈಕು ತೆಗೆದು ರಸ್ತೆಯ ಮಧ್ಯೆ ನಿಂತು ಕೂಗಿದರು.

"ಏ ತಮ್ಮ, ನಿಮ್ ಬಾಮೈದನ ಕಾರು ಸ್ಟಾರ್ಟ್ ಆಗ್ತಿಲ್ವಂತೆ. ಗೂಡಿನ ಚೀಲ ತುಂಬಿಬಿಟ್ಟವ್ನೆ. ಬಾ, ಇಬ್ರೂ ಹೋಗಣ."

ನನ್ನ ಹೆಂಡತಿಯ ತವರಿಗೆ ನಾನು ಅವರ ಬೈಕಿನ ಹಿಂದೆ ಕೂತು ಹೋಗಬೇಕು! ಬರುವುದಿಲ್ಲ ಎನ್ನಬೇಕೆಂದಿದ್ದೆ. ಆದರೆ ಅವರ ಕಣ್ಣೆದುರು, ಅತ್ತೆ ಮನೆಯವರ ಕಣ್ಣೆದುರು, ಆ ಕಾರನ್ನು ನಾನೇ ಸ್ಟಾರ್ಟ್ ಮಾಡಬೇಕು ಎಂಬ ಹಟ ಹತ್ತಿತು. ಟೂಲ್ಸ್ ಚೀಲ ಹಿಡಿದು ಹತ್ತಿ ಕೂತೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವ ಹೊತ್ತಿಗೆ ಗೂಡು ಅಲ್ಲಿರಬೇಕು. ಬಾಮೈದ ಅಂಗಳದಲ್ಲಿ ಒದ್ದಾಡುತ್ತಿದ್ದ. ನನ್ನನ್ನು ಕಂಡು ಅವನ ಮುಖ ಯಾಕೋ ಸಣ್ಣದಾಯಿತು. ಅತ್ತೆ ಓಡಿಬಂದು ಕುರ್ಚಿ ಹಾಕಿದರು.

"ನೀವ್ಯಾಕೆ ಬರಕ್ಕೋದ್ರಿ ಅಳಿಯಂದಿರೇ? ಕೂತ್ಕೊಳ್ಳಿ, ಅವ್ರು ನೋಡ್ಕೊಂತಾರೆ."

ಆ ಮಾತು ಮುಳ್ಳಿನಂತೆ ನಾಟಿತು. ನಾನು ಕೂರಲಿಲ್ಲ.

ಅಣ್ಣ ಎಂದಿನಂತೆ ಬಾಮೈದನ ಬೆರಳನ್ನು ರಿಲೇಯ ಮೇಲೆ ಇಡಿಸಿದರು. ಕೀ ತಿರುಗಿಸಿದರೆ ಟಕ್ ಎನ್ನುತ್ತಿತ್ತು. ಲೈಟು ಚೆನ್ನಾಗಿ ಉರಿಯುತ್ತಿತ್ತು. ಸೆಲ್ಫ್ ಮಾತ್ರ ಅಲ್ಲಾಡುತ್ತಿರಲಿಲ್ಲ. "ಒಳಗೆ ಪಾಯಿಂಟ್ ಸುಟ್ಟಿರ್ಬೇಕು" ಎಂದು ಅವರು ಹಾರ್ನಿನ ರಿಲೇ ಕಿತ್ತು ಅದರ ಜಾಗಕ್ಕೆ ಹಾಕಿ ನೋಡಿದರು. ಅದೂ ಟಕ್ ಎಂದು ಸುಮ್ಮನಾಯಿತು. ಅಷ್ಟರಲ್ಲಿ ನನ್ನ ಕಣ್ಣು ಬೇರೆ ಕಡೆ ಹೋಗಿತ್ತು. ಬಾಮೈದ ಆಯುಧ ಪೂಜೆಗೆಂದು ಬಾನೆಟ್ಟಿನ ಒಳಗೂ ಕಪ್ಪು ಬಣ್ಣ ಹೊಡೆಸಿದ್ದ. ಎಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ಥ್ ಪಟ್ಟಿಯನ್ನು ಬಿಚ್ಚಿ, ಬಣ್ಣ ಹೊಡೆದು, ಆ ಬಣ್ಣದ ಮೇಲೆಯೇ ಮತ್ತೆ ಬೋಲ್ಟ್ ಬಿಗಿದಿದ್ದರು. ನಾನು ಮಾತಾಡದೆ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿ "ಹೊಡಿ" ಎಂದೆ. ಒಂದೇ ಸಲಕ್ಕೆ ಕಾರು ಸ್ಟಾರ್ಟಾಯಿತು.

ಬಾಮೈದ ತಿರುಗಿದ್ದು ಅವರ ಕಡೆಗೆ. "ಏನಾಗಿತ್ತಣ್ಣಾ?"

"ಕರೆಂಟು ಬಂದ್ರೆ ಸಾಲ್ದಪ್ಪ, ವಾಪಸ್ಸೂ ಹೋಗ್ಬೇಕು. ನಿಮ್ಮೂರಿಗೆ ಬಂದ ಬಸ್ಸು ಇಲ್ಲೇ ನಿಂತ್ಬಿಟ್ರೆ ನಾಳೆ ಬಸ್ಸು ಎಲ್ಲಿಂದ ಬರ್ತದೆ? ವಾಪಸ್ ಹೋಗೋ ದಾರೀಗೆ ನೀನು ಬಣ್ಣ ಬಳಿದಿದ್ದೀಯ."

ಎಲ್ಲರೂ ನಕ್ಕರು. ನಾನು ಬಗ್ಗಿ ಬೋಲ್ಟ್ ಬಿಚ್ಚಿ ಉಪ್ಪುಕಾಗದದಿಂದ ಬಣ್ಣ ಉಜ್ಜುತ್ತಿದ್ದೆ. "ಹುಡುಕಿದ್ದು ಇವ್ನು ಕಣಮ್ಮ, ನಾನಲ್ಲ. ನಾನು ರಿಲೇ ಹಿಡ್ಕೊಂಡು ಕೂತಿದ್ದೆ" ಎಂದರು ಅಣ್ಣ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನೋಡು, ಎಂಥಾ ದೊಡ್ಡ ಮನ್ಸು ಆಯಪ್ಪಂದು!" ಎಂದರು. ಕಾರು ಸ್ಟಾರ್ಟ್ ಮಾಡಿದವನು ನಾನು. ಆ ಹೊಗಳಿಕೆಯೂ ಅವರಿಗೇ ಹೋಯಿತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಮಾತಾಡಿದರು. ಆಮೇಲೆ ಎಷ್ಟೋ ದಿನ ಅವರು ತರಿಸಿ ಕಳಿಸುತ್ತಿದ್ದ ಟೀ ನಾನು ಕುಡಿಯಲಿಲ್ಲ. ಅವರು ಮಾತ್ರ ನನ್ನ ಪಾಲಿನ ಟೀ ಕಳಿಸುವುದನ್ನು ಬಿಡಲಿಲ್ಲ...

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಹೆಣವಾಗಿ ಬಂದರು. ಮಣ್ಣಿಗೆ ಬಂದ ಜನರನ್ನು ನೋಡಿ, ಸುಳ್ಳು ಯಾಕೆ ಹೇಳಲಿ, ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂದೇ ಯೋಚಿಸಿದೆ. ಜಂಗಮಕೋಟೆಯಿಂದ ಅತ್ತೆಯೂ ಬಂದಿದ್ದರು. ನಮ್ಮ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಕೂದಲು ಒರೆಸಿಕೊಳ್ಳುತ್ತಾ ನನ್ನ ಹೆಂಡತಿಗೆ ಹೇಳಿದರು.

"ಹೆಣ್ಣು ಕೊಟ್ಟ ಅಳಿಯನ್ನ ಕಾರಿನ ಕೆಳಗೆ ಮಲಗಿಸೋದು ಯಾವ ಮರ್ಯಾದೇನೇ? ಅದಕ್ಕೇ ನಿನ್ನ ತಮ್ಮ ಯಾವಾಗ್ಲೂ ಆಯಪ್ಪಂಗೆ ಫೋನ್ ಮಾಡ್ತಿದ್ದ. ಆ ಸಲ ಅಳಿಯಂದಿರ್ನ ಯಾಕಪ್ಪ ಕರ್ಕೊಂಡ್ಬಂದೆ ಅಂತ ಆಮೇಲೆ ಆಯಪ್ಪನ್ನೇ ಕೇಳ್ದೆ. ನನ್ನೇ ಬೈದ. ಕುರ್ಚಿ ಹಾಕಿ ಕೂರಿಸ್ಬೇಡಿ ಕಣಮ್ಮ, ಅವ್ನಿಗೆ ಕೆಲಸಾನೇ ಮರ್ಯಾದೆ, ಇನ್ಮೇಲೆ ಅವ್ನನ್ನೇ ಕರೀರಿ ಅಂದ. ಇವ್ರನ್ನ ಕರೆಯೋಕೆ ನಮಗೇ ಬಾಯಿ ಬರ್ಲಿಲ್ಲ."

ನಾನು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಹೋಗಲಿಲ್ಲ.

ಈಗ ಜಂಗಮಕೋಟೆಯಿಂದ ಫೋನು ನನಗೇ ಬರುತ್ತದೆ. "ಭಾವ, ನೀವೇ ಬರ್ಬೇಕು" ಎನ್ನುತ್ತಾನೆ ಬಾಮೈದ. ಹೋಗುತ್ತೇನೆ, ಅತ್ತೆಯ ಎದುರಿಗೇ ಕಾರಿನ ಕೆಳಗೆ ಮಲಗುತ್ತೇನೆ. ಕಟ್ಟಿಕೊಂಡ ಹೆಂಡತಿಯ ಮನೆಯವರಿಗೆ ತಿಳಿಯದ ನನ್ನ ಮನಸ್ಸು ರಸ್ತೆಯಾಚೆ ಕೂತವರಿಗೆ ಹೇಗೆ ತಿಳಿಯಿತು? ಅದಕ್ಕೂ ಹೊಟ್ಟೆ ಉರಿಯುತ್ತದೆ. ರಸ್ತೆ ದಾಟಿ ಹೋಗಿ, ನಿನಗ್ಯಾಕಣ್ಣಾ ಬೇಕಿತ್ತು ನನ್ನ ಮನೆ ವಿಷಯ ಎಂದು ಜೋರಾಗಿ ಒಂದು ಜಗಳ ತೆಗೆಯೋಣ ಎಂದರೆ ಅವರಿಲ್ಲ.