ಬಿಡು ಎಂಬ ಕೂಗು

ಡಿಸೆಂಬರ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ ಹಗರಿಬೊಮ್ಮನಹಳ್ಳಿ, ನಮ್ಮ ಕಾಲೇಜಿನ ಗೇಟು. ಹಾಜರಿದ್ದವರು ನಾನು, ಬಾಡಿಗೆ ಟೆಂಪೊದ ಡ್ರೈವರ್ ಮತ್ತು ಕ್ಯಾಪ್ಟನ್ ಸೇರಿ ಹದಿನಾಲ್ಕು ಆಟಗಾರರು. ಗೈರುಹಾಜರು ಒಬ್ಬನೇ, ಗೋಲ್‌ಕೀಪರ್.

ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದ ಮೇಲೆ ಕಾಲೇಜಿನವರು ನನ್ನನ್ನು ಫುಟ್‌ಬಾಲ್ ತಂಡ ನೋಡಿಕೊಳ್ಳಲು ಕರೆದಿದ್ದರು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಆರಕ್ಕೆ ಅಭ್ಯಾಸ. ಆರು ದಾಟಿ ಬಂದವನಿಗೆ ಮೈದಾನ ನಾಲ್ಕು ಸುತ್ತು. ಆ ಸುತ್ತು ಒಮ್ಮೆಯೂ ಓಡದವನು ಈ ಗೋಲ್‌ಕೀಪರ್ ಒಬ್ಬನೇ.

ಮಧ್ಯಾಹ್ನ ಮೂರಕ್ಕೆ ಹರಪನಹಳ್ಳಿಯಲ್ಲಿ ಆ ವರ್ಷದ ನಮ್ಮ ಕೊನೆಯ ಪಂದ್ಯವಿತ್ತು. ಮುಂದಿನ ಸುತ್ತಿಗೆ ಹೋಗುವ ಆಸೆ ತಂಡಕ್ಕೆ ಉಳಿದಿರಲಿಲ್ಲ. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವ ಇಬ್ಬರು ಆ ಪಂದ್ಯ ನೋಡಲು ಬರುವವರಿದ್ದರು. ಗೋಲ್‌ಕೀಪರ್‌ನದು ಬಿ.ಎ. ಕೊನೆಯ ವರ್ಷ. ಅವನು ಅವರ ಕಣ್ಣಿಗೆ ಬೀಳುವುದಿದ್ದರೆ ಅಂದೇ ಬೀಳಬೇಕು.

"ಫೋನ್ ಬಂದ್ ಐತ್ರಿ ಸರ್" ಎಂದ ಕ್ಯಾಪ್ಟನ್. ಅವನು ಹಡಗಲಿಯವನು, ಮಾತು ಕಡಿಮೆ.

ಹಿಂದೆ ನಿಂತಿದ್ದ ಬ್ಯಾಕ್, ಗೋಲಿನ ಮುಂದೆ ಕಾಯುವ ಕೂಡ್ಲಿಗಿಯ ಹುಡುಗ, ಶೂ ತುದಿಯಿಂದ ನೆಲ ಕೆದಕುತ್ತ ಹೇಳಿದ: "ಅವ ಬರಂಗಿಲ್ರಿ. ನಿನ್ನೆ ಬ್ಯಾಗ್ ತಗೊಂಡು ಅವರೂರು ಚಿಗಟೇರಿಗೆ ಹೋಗ್ಯಾನ."

ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಹಿಂದಿನ ಶನಿವಾರ ಕೊಟ್ಟೂರಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿಯವರೆಗೆ ನಾವು ಚೆನ್ನಾಗಿಯೇ ಆಡಿದ್ದೆವು. ಕೂಡ್ಲಿಗಿಯಲ್ಲಿ ಗೆದ್ದೆವು, ಹಡಗಲಿಯಲ್ಲಿ ಸಮ ಮಾಡಿಕೊಂಡೆವು. ಕೊಟ್ಟೂರಿನಲ್ಲಿ ಸೋಲದೆ ಬಂದರೆ ಮುಂದಿನ ಸುತ್ತಿಗೆ ಸಾಕಿತ್ತು. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಚೆಂಡು ನಮ್ಮ ಗೋಲಿನ ಮುಂದೆ ಪುಟಿಯುತ್ತ ಬಂತು. ಗೋಲ್‌ಕೀಪರ್ "ಬಿಡು" ಎಂದು ಕೂಗುತ್ತ ಮುಂದೆ ಓಡಿದ. ಗೋಲಿನ ಕಡೆ ಮುಖ ಮಾಡಿ ಓಡುತ್ತಿದ್ದ ಬ್ಯಾಕ್ ಆ ಕೂಗು ಕೇಳಿದ್ದೇ ತಡ, ಜಾಡಿಸಿ ಒದ್ದ. ಚೆಂಡು ಕೀಪರ್‌ನ ಭುಜಕ್ಕೆ ಬಡಿದು ತಲೆಯ ಮೇಲಿಂದ ಹಾರಿ ನಮ್ಮದೇ ಬಲೆಗೆ ಬಿತ್ತು. ಒಂದು ಗೋಲಿನಿಂದ ಸೋತೆವು.

ಬರುವಾಗ ಟೆಂಪೊದಲ್ಲಿ ಯಾರೋ ಕೀಪರ್‌ಗೆ, "ಬಾರಪ್ಪಾ ಅಂತ ಚೆಂಡು ಒಳಗ ಕರಕೊಂಡಿ, ಚಾನೂ ಕುಡಿಸಿ ಕಳಸಬೇಕಿತ್ತಲೇ" ಎಂದರು. ಎಲ್ಲರೂ ನಕ್ಕರು. ನಾನು ನೋಟ್‌ಬುಕ್ ತೆಗೆದು, ಅಂದಿನ ತಪ್ಪುಗಳನ್ನು ಎಂದಿನಂತೆ ಗಟ್ಟಿಯಾಗಿ ಓದಿದೆ. ಮೊದಲನೆಯದೇ, ಗೋಲ್‌ಕೀಪರ್ ಜಾಗ ಬಿಟ್ಟು ಮುಂದೆ ಬಂದದ್ದು.

"ನಾನು ಕೂಗಿದ್ನಲ್ಲ ಸಾರ್" ಎಂದ ಅವನು ಎದ್ದು ನಿಂತು.

"ಕೂಗಿದರೆ ಸಾಲದು. ಕೂತ್ಕೊ" ಎಂದೆ.

ಆ ವಾರ ಅವನು ಅಭ್ಯಾಸಕ್ಕೆ ಸಮಯಕ್ಕೆ ಸರಿಯಾಗಿ ಬಂದ. ಆದರೆ ಗೋಲಿನಲ್ಲಿ ನಿಂತು ಒಮ್ಮೆಯೂ ಬಾಯಿ ಬಿಡಲಿಲ್ಲ. ಕೂಗದ ಗೋಲ್‌ಕೀಪರ್ ಇದ್ದರೆ ಬ್ಯಾಕ್‌ಗಳಿಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಬುಧವಾರ ಇಬ್ಬರು ಡಿಕ್ಕಿ ಹೊಡೆದುಕೊಂಡರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಕಾರಣ ಕೇಳಲಿಲ್ಲ.

ಗೇಟಿನ ಹತ್ತಿರ ಬ್ಯಾಕ್ ಮಾತು ಮುಂದುವರಿಸಿದ. "ಅವಂಗ ನನ್ ಮ್ಯಾಲ ಸಿಟ್ಟು ಐತ್ರಿ. ಬಿಡು ಅಂದ್ರ ಯಾಕ್ ಹೊಡದಿ ಅಂತಾನ. ಬಿಡು ಅಂದ್ರ ಹೊಡಿಲಾರದ ಏನ್ ಮಾಡ್ಲಿರಿ?"

"ಬಿಡು ಅಂದರೆ ಬಿಡಬೇಕು" ಎಂದೆ.

"ಕಪಾಳಕ್ಕ ಒಂದು ಬಿಡ್ತೀನಿ ಅಂತೀವಲ್ರಿ ಸರ್. ಆಗ ಬಿಡೂದು ಅಂದ್ರ ಏನ್ರಿ? ನಮ್ಮ ಓಣ್ಯಾಗ ಚೆಂಡು ಬಂದ್ರ ಎಲ್ಲಾರು ಬಿಡಲೇ ಬಿಡಲೇ ಅಂತನ ಕೂಗೂದು. ಜಾಡಿಸಿ ಒದಿ ಅಂತ."

ನಾನು ಉಳಿದ ಹುಡುಗರ ಕಡೆ ತಿರುಗಿದೆ. ಬಿಡು ಎಂದರೆ ಒದೆಯುವುದು ಎನ್ನುವವರು ಕೈ ಎತ್ತಿ ಎಂದೆ. ಆರು ಕೈ ಮೇಲೆದ್ದವು. ಉಳಿದವರು ಆ ಆರು ಜನರನ್ನು ಮೊದಲ ಸಲ ನೋಡುವವರಂತೆ ನೋಡಿದರು. ಮೂರು ತಿಂಗಳಲ್ಲಿ ಶೂ ಲೇಸಿನ ಗಂಟು ಯಾವ ಪಕ್ಕಕ್ಕೆ ಬರಬೇಕು ಎಂಬುದನ್ನೂ ಕಲಿಸಿದ್ದೆ. ಬಿಡು ಅಂದರೆ ಏನೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಒಂದು ಗಂಟೆಗೆ ಹರಪನಹಳ್ಳಿಯಲ್ಲಿ ಗುರುತಿನ ಚೀಟಿ ತೋರಿಸಬೇಕು. ತಡವಾದರೆ ಯಾರನ್ನೂ ಆಡಿಸುವುದಿಲ್ಲ. ಡ್ರೈವರ್‌ಗೆ ಚಿಗಟೇರಿಗೆ ನಡಿ ಎಂದೆ. ಕೊಟ್ಟೂರಿನಲ್ಲಿ ಅಂದು ಯಾವುದೋ ಮೆರವಣಿಗೆ. ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು. ಯಾರೂ ಹಾಡು ಹಾಕಲಿಲ್ಲ. ಚಿಗಟೇರಿ ಮುಟ್ಟಿದಾಗ ಹನ್ನೊಂದೂಕಾಲು.

ಗೋಲ್‌ಕೀಪರ್‌ನ ಮನೆಯ ಮುಂದಿನ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಅವನು ಪ್ಯಾಂಟು ಮಡಚಿಕೊಂಡು ಕಾಳಿನಲ್ಲಿ ಕಾಲಾಡಿಸುತ್ತ ನಡೆಯುತ್ತಿದ್ದ. ನಮ್ಮನ್ನು ಕಂಡರೂ ನಿಲ್ಲಲಿಲ್ಲ. ಅವನ ತಾಯಿ ಚೆಂಬಿನಲ್ಲಿ ನೀರು ತಂದು, "ಬರ್ರಿ ಸಾರ್. ಬೆಳಿಗ್ಗಿಂದ ಬಾಯೇ ಬಿಟ್ಟಿಲ್ಲ ಇವ್ನು" ಎಂದರು.

"ನಾನು ಬರಲ್ಲ ಸಾರ್" ಎಂದ ಅವನು. "ಗೋಲಲ್ಲಿ ನಿಂತ್ಕಂಡ್ರೆ ಕೂಗೋಕೇ ಭಯ ಆಗುತ್ತೆ. ನಾನೊಂದು ಅಂದ್ರೆ ಇವ್ರು ಇನ್ನೊಂದು ಮಾಡ್ತಾರೆ. ಆರಿಸೋರು ನೋಡೋಕೆ ಬಂದಾಗಲೇ ಇನ್ನೊಂದ್ಸಲ ಹಂಗಾದ್ರೆ?"

ಬ್ಯಾಕ್ ಟೆಂಪೊದಿಂದ ಇಳಿದು ಬಂದ. ಕಾಳು ತುಳಿಯದಂತೆ ಅಂಚಿನಲ್ಲೇ ನಿಂತ.

"ನೀ ಬಿಡು ಅಂದಿ, ನಾ ಬಿಟ್ಟೆನಲೇ."

"ಬಿಟ್ಟಿದ್ರೆ ನನ್ ಕೈಗೆ ಬರ್ತಿತ್ತಲ್ಲೋ."

"ಬಿಟ್ಟೆ ಅಂದ್ರ ಹೊಡದೆ."

"ಹೊಡಿ ಅಂತ ನಾನ್ಯಾಕೆ ಅನ್ನಲಿ? ನನ್ ಎದೆ ಎದುರಿಗೇ ಇತ್ತು."

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಇಬ್ಬರೂ ನಗಲಿಲ್ಲ. ನಾನು ಗೋಲ್‌ಕೀಪರ್‌ಗೆ, ಅಂದು ನೀನು ಮಾಡಿದ್ದು ಸರಿ, ಎಲ್ಲರ ಮುಂದೆ ನಿನ್ನ ತಪ್ಪೆಂದು ಓದಿದ್ದು ನನ್ನ ತಪ್ಪು ಎಂದು ಹೇಳಿದೆ. ಟೆಂಪೊದ ಕಿಟಕಿಗಳಲ್ಲಿದ್ದ ಹುಡುಗರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಇನ್ನು ಮೇಲೆ ಚೆಂಡು ನಿನಗೆ ಬೇಕಾದರೆ "ನಂದು" ಅನ್ನು, ಒದೆಯಬೇಕಾದರೆ "ಒದಿ" ಅನ್ನು, ಬಿಡು ಎಂಬ ಮಾತೇ ಬೇಡ ಎಂದೆ.

ಅವನು ಕಾಲಿಗೆ ಅಂಟಿದ್ದ ಸಿಪ್ಪೆ ಕೊಡವಿ ಒಳಗೆ ಹೋದ. ನಾನು ಗಡಿಯಾರ ನೋಡುತ್ತ ನಿಂತೆ. ಆರು ನಿಮಿಷದ ಮೇಲೆ ಬ್ಯಾಗಿನೊಂದಿಗೆ ಬಂದ. ಹರಪನಹಳ್ಳಿಯವರೆಗೆ ಬ್ಯಾಕ್ ಅವನ ಪಕ್ಕದಲ್ಲೇ ಕೂತ. ಇಬ್ಬರ ನಡುವೆ ಏನು ಮಾತಾಯಿತೋ ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಒಂದಕ್ಕೆ ಐದು ನಿಮಿಷವಿರುವಾಗ ಚೀಟಿಗಳನ್ನು ತೋರಿಸಿದೆವು.

ಮೂರಕ್ಕೆ ಆಟ ಶುರುವಾಯಿತು. ಆಯ್ಕೆದಾರರು ನಮ್ಮ ಗೋಲಿನ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದರು. ಮೊದಲರ್ಧದಲ್ಲಿ ಗೋಲ್‌ಕೀಪರ್ ಎರಡು ಚೆಂಡು ಹಿಡಿದ, ಒಂದನ್ನು ತಳ್ಳಿ ಹೊರಹಾಕಿದ. ಬಾಯಿ ಮಾತ್ರ ತೆರೆಯಲಿಲ್ಲ. ಆಯ್ಕೆದಾರರಲ್ಲಿ ಹಿರಿಯರು ನನ್ನ ಕಡೆ ಬಾಗಿ, "ಕೈ ಚಲೋ ಅದಾವ್ರಿ. ಆದ್ರ ಮೂಕನ್ನ ತಗೊಂಡು ಏನ್ ಮಾಡೂದು?" ಎಂದರು. ವಿರಾಮದಲ್ಲಿ ಹುಡುಗರಿಗೆ ನೀರು ಕೊಟ್ಟೆ. ಹೇಳಬೇಕಾದದ್ದೆಲ್ಲ ಹೇಳಿಯಾಗಿತ್ತು.

ಎರಡನೆಯ ಅರ್ಧ ಮುಗಿಯುತ್ತ ಬಂದಿತ್ತು. ಇನ್ನೂ ಗೋಲಾಗಿರಲಿಲ್ಲ. ಬಲಗಡೆಯಿಂದ ಎದುರಾಳಿಯೊಬ್ಬ ಎತ್ತರದ ಚೆಂಡು ಹಾಕಿದ. ಅದು ನಮ್ಮ ಗೋಲಿನ ಮುಂದೆ ಬಿದ್ದು ಪುಟಿಯಿತು. ಬ್ಯಾಕ್ ಗೋಲಿನ ಕಡೆ ಮುಖ ಮಾಡಿ ಓಡುತ್ತಿದ್ದ, ಅವನ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಬ್ಬ ಎದುರಾಳಿ. ಗೋಲ್‌ಕೀಪರ್ ಜಾಗ ಬಿಟ್ಟು ಮುಂದೆ ಬಂದ. ಬ್ಯಾಕ್ ಕಾಲು ಎತ್ತಿದ.

"ಬಿಡು!"

ಅದೇ ಮಾತು.

ಬ್ಯಾಕ್ ಎತ್ತಿದ ಕಾಲನ್ನು ಚೆಂಡಿನ ಮೇಲಿಂದ ದಾಟಿಸಿ ನೆಲಕ್ಕಿಟ್ಟ. ಅವನ ಮೈ ಎದುರಾಳಿಗೆ ಅಡ್ಡವಾಗಿತ್ತು. ಗೋಲ್‌ಕೀಪರ್ ಚೆಂಡಿನ ಮೇಲೆ ಬಿದ್ದು ಎದೆಗೆ ಅವಚಿಕೊಂಡ. ಎದ್ದವನೇ "ಮುಂದೆ ನಡೀರಿ, ಎಡಕ್ಕೆ, ಎಡಕ್ಕೆ" ಎಂದು ಕೂಗಲು ಹತ್ತಿದವನು ಕೊನೆಯ ಸೀಟಿಯವರೆಗೂ ಬಾಯಿ ಮುಚ್ಚಲಿಲ್ಲ. ಯಾರೂ ಗೋಲು ಹಾಕದೆ ಪಂದ್ಯ ಮುಗಿಯಿತು.

ಬ್ಯಾಕ್‌ನನ್ನು ಪಕ್ಕಕ್ಕೆ ಕರೆದು ಕೇಳಿದೆ, ಅವನು ನಂದು ಅನ್ನಲಿಲ್ಲ, ನಿನಗೆ ಹೇಗೆ ತಿಳಿಯಿತು ಎಂದು.

"ಅದು ಅವನ ಬಿಡು ರೀ ಸರ್, ನಮ್ಮ ಓಣಿ ಬಿಡು ಅಲ್ಲ" ಎಂದು ಹೇಳಿ ಅವನು ನೀರಿನ ಕ್ಯಾನಿನ ಕಡೆ ಹೋದ.

ಹಿರಿಯ ಆಯ್ಕೆದಾರರು ಒಂದು ಫಾರಂ ಹಿಡಿದು ಬಂದರು. "ತಂಡಕ್ಕ ತಗೊಂಡೀವಿ ಅಂತ ತಿಳಕೋಬ್ಯಾಡ್ರಿ. ಟ್ರಯಲ್ಸ್‌ಗೆ ಬರಲಿ, ಅಲ್ಲಿ ನೋಡೂಣು. ನಾವು ಹೊರಡೂದ್ರೊಳಗ ತುಂಬಿ ಕೊಡ್ರಿ."

ಟೆಂಪೊದ ಬಾನೆಟ್ ಮೇಲೆ ಫಾರಂ ಇಟ್ಟು ತುಂಬಿದೆ. ಗೋಲ್‌ಕೀಪರ್ ಪಕ್ಕದಲ್ಲಿ ನಿಂತು ಹುಟ್ಟಿದ ದಿನ, ರಿಜಿಸ್ಟರ್ ನಂಬರ್ ಒಂದೊಂದೇ ಹೇಳಿದ. ಕೂಗಿ ಕೂಗಿ ಅವನ ದನಿ ಹೊರಡುತ್ತಿರಲಿಲ್ಲ, ಎರಡೆರಡು ಸಲ ಕೇಳಬೇಕಾಯಿತು. ತರಬೇತುದಾರರ ಅಭಿಪ್ರಾಯ ಎಂಬ ಕಡೆ ಒಂದೇ ಸಾಲಿನ ಜಾಗವಿತ್ತು. "ಸರಿಯಾದ ಹೊತ್ತಿಗೆ ಜಾಗ ಬಿಟ್ಟು ಮುಂದೆ ಬರುತ್ತಾನೆ" ಎಂದು ಬರೆದೆ. ಅವನ ಸಹಿ ಹಾಕಿಸಿ, ಕೆಳಗೆ ನನ್ನ ಸಹಿ ಹಾಕಿ, ಐದೂವರೆಗೆ ಫಾರಂ ಅವರ ಕೈಗೆ ಕೊಟ್ಟೆ.